ಗರುಡನ ಹೆಜ್ಜೆಯ ಮೋರಿ

ಸಂಕ್ರಾಂತಿಯ ಕುಸುರೆಳ್ಳು ಮಾಡುವಾಗ ನಡುವೆ ಎದ್ದು ಹೋಗುವ ಹಾಗಿಲ್ಲ. ಬೂದಿ ಮುಚ್ಚಿದ ಕೆಂಡದ ಮೇಲೆ ಹಿತ್ತಾಳೆಯ ಅಗಲ ತಟ್ಟೆ, ಅಂದರೆ ಪರಾತ, ಪರಾತದಲ್ಲಿ ಒಂದು ಹಿಡಿ ಎಳ್ಳು, ಪಕ್ಕದಲ್ಲಿ ಸಕ್ಕರೆ ಪಾಕದ ಬಟ್ಟಲು. ಒಂದು ಚಮಚೆ ಪಾಕ ಬಿಡಬೇಕು, ಬೆರಳ ತುದಿಯಿಂದ ಎಳ್ಳನ್ನು ಆಡಿಸುತ್ತಲೇ ಇರಬೇಕು, ಅದು ಆರಿದ ಮೇಲೆ ಇನ್ನೊಂದು ಚಮಚೆ. ಹೀಗೆ ನಾಲ್ಕು ದಿನ ಬೆಳಗಿನ ತಂಪಿನಲ್ಲಿ ಕೂತರೆ ಒಂದೊಂದು ಎಳ್ಳಿಗೂ ಬಿಳಿಯ ಸಣ್ಣ ಮುಳ್ಳು ಮೂಡುತ್ತವೆ. ಕೈ ನಿಂತಿತೋ, ಎಲ್ಲ ಕೂಡಿ ಗಟ್ಟಿ. ಧಾರವಾಡದಲ್ಲಿ ನಮ್ಮ ಅತ್ತೆಯವರು ಸೊಸೆಯ ಸಹನೆಯನ್ನು ಅವಳ ಕುಸುರೆಳ್ಳಿನ ಮುಳ್ಳಿನಿಂದಲೇ ಅಳೆಯುತ್ತಿದ್ದರು. ನನ್ನವು ಅರ್ಧ ಮುಳ್ಳು, ಅರ್ಧ ಬೋಳು. ಆದರೂ ಮನೆಯಿಂದ ಹೊರಗೆ ಹಾಕಲಿಲ್ಲ, ಅದು ಆ ಹಿರಿಯ ಜೀವದ ದೊಡ್ಡತನ.

ಆ ದಿನ ಮೂರನೆಯ ಬೆಳಗು. ಧನುರ್ಮಾಸದ ಹುಗ್ಗಿಯ ನೈವೇದ್ಯ ಮುಗಿಸಿ, ಮನೆಯವರನ್ನು ಎಂಟು ಹತ್ತರ ಲೋಕಲ್ಲಿಗೆ ಕಳಿಸಿ, ಮುಲುಂಡಿನಲ್ಲಿ, ಸಾಲುಮನೆಗಳ ನಮ್ಮ ಚಾಳಿನ ಗ್ಯಾಲರಿಯಲ್ಲಿ ಪರಾತದ ಮುಂದೆ ಕೂತಿದ್ದೆ. ಚಾಳಿಗೂ ರೈಲು ಹಳಿಗೂ ನಡುವೆ ಇರುವುದು ಒಂದು ತುಂಡು ಬಯಲು ಮಾತ್ರ. ಗಾಡಿಯ ಸದ್ದು ಕೇಳಿ ಅನ್ನಕ್ಕೆ ಇಡುತ್ತೇವೆ, ಗಾಡಿಯ ಸದ್ದು ಕೇಳಿ ಮಕ್ಕಳ ಜಡೆ ಹಾಕುತ್ತೇವೆ. ಆ ಬೆಳಿಗ್ಗೆ ಮಾತ್ರ ಗಾಡಿಗಳು ಎಂದಿನ ಹಾಗೆ ಧಡಧಡ ಓಡುತ್ತಿರಲಿಲ್ಲ. ದಿನ ತುಂಬಿದ ಬಸುರಿ ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಹೋಗುತ್ತಿದ್ದವು. ಯಾಕೆಂದು ನನಗೆ ಒಳಗೊಳಗೇ ಗೊತ್ತಿತ್ತು. ತಲೆ ಎತ್ತದೆ ಎಳ್ಳು ಆಡಿಸುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ವಾರಿಜ ಅಕ್ಕಿಯ ಡಬ್ಬವನ್ನು ಸೊಂಟದ ಮೇಲೆ ಇಟ್ಟುಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ವಾರಿಜ ಉಡುಪಿ ಕಡೆಯವಳು. ಅವಳ ಗಂಡ ಬೈಕುಲ್ಲಾದ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ.

“ಅಂಬಕ್ಕಾ! ಮೋರಿ ಮುಚ್ಚಿದ್ದಾರೆ ಮಾರಾಯ್ರೆ! ಎರಡೂ ಬಾಯಿಗೆ ಸ್ಲೀಪರ್ ಮರ ಅಡ್ಡ ಬಡಿದು ಕೆಂಪು ಬಾವುಟ ಸಿಕ್ಕಿಸಿದ್ದಾರೆ. ಇನ್ನು ಗಿರಣಿಗೆ ಹೋಗುದು ಹೇಗೆ? ಮಕ್ಕಳು ಶಾಲೆಗೆ ಹೋಗುದು ಹೇಗೆ? ಯಾವ ಪುಣ್ಯಾತ್ಮ ರೈಲ್ವೆಯವರ ಕಿವಿ ಊದಿದ್ದೋ!”

“ನಾನ ಹೇಳೀನಿ,” ಅಂದೆ.

ಅವಳು ಡಬ್ಬ ಕೆಳಗಿಟ್ಟಳು. “ಎಂತ ಹೇಳಿದ್ರಿ?”

“ಕಲ್ಲು ಕುಸಿಯಾಕತ್ತದ ಅಂತ ಮುಕಾದಮಗ ನಾನ ಹೇಳೀನಿ, ವಾರಿಜಾ.”

ವಾರಿಜ ನನ್ನ ಮುಖ ನೋಡಿದಳು, ಪರಾತ ನೋಡಿದಳು. “ಕೂತಲ್ಲಿ ಎಳ್ಳಿಗೆ ಮುಳ್ಳು ಬರಿಸುವವರು ನೀವು, ನಮ್ಮ ಕಾಲಿಗೂ ಬರಿಸಿದ್ರಲ್ಲಾ,” ಅಂದವಳೇ ಡಬ್ಬ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಮ್ಮ ಚಾಳಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ. ಆ ಬಾಗಿಲಿನ ಸದ್ದಿಗೆ ನನ್ನ ಬೆರಳು ನಿಂತವು. ಕೆಳಗೆ ನೋಡಿದರೆ ಪರಾತದ ಅರ್ಧ ಎಳ್ಳು ಬೆಲ್ಲದಚ್ಚಿನ ಹಾಗೆ ಗಂಟು ಕಟ್ಟಿತ್ತು.

ಈಗ ನಿಮಗೆ ಆ ಮೋರಿಯ ವಿಷಯ ಹೇಳಬೇಕು.

ನಮ್ಮ ಚಾಳು ಇರುವುದು ಹಳಿಯ ಈ ಕಡೆ. ಶಾಲೆ, ದವಾಖಾನೆ, ಹಿಟ್ಟಿನ ಗಿರಣಿ, ತರಕಾರಿ ಎಲ್ಲ ಆ ಕಡೆ. ಹಳಿ ದಾಟಲು ಸ್ಟೇಷನ್ನಿನಲ್ಲಿ ಮೇಲ್ಸೇತುವೆ ಉಂಟು, ಆದರೆ ಅಲ್ಲಿಗೆ ಹೋಗಿ ಹತ್ತಿ ಇಳಿದು ಬರುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ತಳ ಹಿಡಿದಿರುತ್ತದೆ. ನಮ್ಮನ್ನು ಕಾಯುತ್ತಿದ್ದದ್ದು ಹಳಿಯ ಕೆಳಗಿನ ಆ ಕಲ್ಲಿನ ಮೋರಿ. ಮಳೆಗಾಲದಲ್ಲಿ ಅದು ನಾಲೆಯದು, ಉಳಿದ ಎಂಟು ತಿಂಗಳು ನಮ್ಮದು. ಒಂದು ಪಕ್ಕದಲ್ಲಿ ಬೆರಳು ದಪ್ಪ ನೀರು ಹರಿಯುತ್ತಿರುತ್ತದೆ, ಇನ್ನೊಂದು ಪಕ್ಕದಲ್ಲಿ ನಾವು ನಡೆಯುತ್ತೇವೆ. ಡಬ್ಬ ಹೊತ್ತ ಇಬ್ಬರು ಹೆಂಗಸರು ಎದುರಾದರೆ ಒಬ್ಬಳು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಗಂಡಸರು ತಲೆ ಬಗ್ಗಿಸಬೇಕು. ನಮ್ಮ ಮನೆಯವರು ಬಗ್ಗಿಸಬೇಕಾಗಿಲ್ಲ. ಎತ್ತರ ಕೊಡದ ದೇವರು ಅಷ್ಟು ಅನುಕೂಲ ಮಾಡಿಕೊಟ್ಟಿದ್ದಾನೆ.

ಕಪ್ಪು ಕಲ್ಲು, ಮೇಲೆ ಬಿಲ್ಲಿನಂಥ ಕಮಾನು. ರೈಲು ಮೊಟ್ಟಮೊದಲು ಈ ಕಡೆ ಬಂದ ಕಾಲದ್ದು, ನೂರು ವರ್ಷವಾಯಿತು ಎಂದು ಹೇಳುತ್ತಿದ್ದವನು ತಾತ್ಯಾ. ಅವನು ಹಳಿ ನೋಡಿಕೊಳ್ಳುವ ಗ್ಯಾಂಗಿನ ಮುಕಾದಮ, ಎಂದರೆ ಮೇಸ್ತ್ರಿ. ಭುಜದ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕಂಕುಳಲ್ಲಿ ಸುತ್ತಿದ ಬಾವುಟ, ಬಾಯಲ್ಲಿ ತಂಬಾಕು. ಅವನ ಅಜ್ಜ ಈ ಮೋರಿಗೆ ಕಲ್ಲು ಒಡೆದವನಂತೆ, ಅಜ್ಜಿ ಗಾರೆ ಕುಟ್ಟಿದವಳಂತೆ. “ಸಿಮೆಂಟ್ ಎಲ್ಲಿತ್ತು ಬಾಯಿ ಆಗ! ಸುಣ್ಣ, ಮರಳು, ಬೆಲ್ಲದ ನೀರು. ನಮ್ಮ ಅಜ್ಜಿ ಕುಟ್ಟುವಾಗ ಬೆಲ್ಲ ನೆಕ್ಕಿ ಏಟು ತಿಂದವಳು,” ಎಂದು ಮರಾಠಿಯಲ್ಲಿ ಹೇಳಿ ನಗುತ್ತಿದ್ದ. ಅವರ ಮಾತಿನಲ್ಲಿ ಬಾಯಿ ಎಂದರೆ ಅಮ್ಮ. ಅವನ ಮಾತಿನಲ್ಲಿ ಎಷ್ಟು ನಿಜವೋ ತಿಳಿಯದು. ಆದರೆ ಬೆಲ್ಲ ಬಿದ್ದಿದೆ ಎಂದು ಕೇಳಿದ ಮೇಲೆ ಆ ಮೋರಿ ನನಗೆ ಅರ್ಧ ಅಡಿಗೆಮನೆಯ ಸಾಮಾನಾಗಿಬಿಟ್ಟಿತು.

ಒಳಗೆ ನಡೆಯುತ್ತಿರುವಾಗ ಮೇಲೆ ಗಾಡಿ ಬಂದರೆ ಮಾತು ಕೇಳಿಸುವುದಿಲ್ಲ. “ನಮ್ಮ ಓರಗಿತ್ತಿ ಏನಂದಳು ಗೊತ್ತೇನು” ಅನ್ನುವಷ್ಟರಲ್ಲಿ ಗಾಡಿ ಬಂತೋ, ಇಬ್ಬರೂ ಸುಮ್ಮನೆ ನಿಂತು ಗಾಡಿಯ ಒಂಬತ್ತು ಡಬ್ಬಿ ಹೋಗುವವರೆಗೂ ಒಬ್ಬರ ಮುಖ ಒಬ್ಬರು ನೋಡುವುದು. ಆಮೇಲೆ ಅದೇ ಜಾಗದಿಂದ ಮಾತು ಮುಂದುವರಿಯುತ್ತದೆ. ಎಷ್ಟೋ ಸಲ ಆ ಬಿಡುವಿನಲ್ಲಿ ಓರಗಿತ್ತಿಯ ಮೇಲಿನ ಸಿಟ್ಟು ಅರ್ಧ ಇಳಿದುಹೋಗಿ ಹೇಳುವುದಕ್ಕೇ ಏನೂ ಉಳಿಯುತ್ತಿರಲಿಲ್ಲ. ಇಂಥ ಉಪಕಾರವನ್ನೂ ಲೆಕ್ಕ ಹಿಡಿಯಬೇಕು. ಸಂಜೆ ದೀಪ ಹಚ್ಚಿ ಕೈ ಮುಗಿಯುವಾಗ ಆ ದಿನ ದೇವರು ಮಾಡಿದ ಮೂರು ಉಪಕಾರ ಹೇಳಿ ಏಳುವುದು ನನ್ನ ರೂಢಿ. ಕೆಲವು ದಿನ ಮೂರು ಕೂಡಿಸಲು ಹಾಲು ಒಡೆಯಲಿಲ್ಲ ಎಂಬುದನ್ನೂ ಸೇರಿಸಬೇಕಾಗುತ್ತದೆ.

ಮೋರಿಯ ಚಾಳಿನ ಕಡೆಯ ಬಾಯಿಯಲ್ಲಿ, ಎಡಗಡೆ, ಸೊಂಟದ ಎತ್ತರದಲ್ಲಿ ಒಂದು ಕಲ್ಲು. ಅದರ ಮೇಲೆ ಉಳಿಯಿಂದ ಕೊರೆದ ಒಂದು ಗುರುತು ಇತ್ತು. ಮೇಲೆ ಒಂದು ಅಡ್ಡ ಗೆರೆ, ಅದರ ನಡುವಿನಿಂದ ಕೆಳಕ್ಕೆ ಕವಲೊಡೆದ ಮೂರು ಗೆರೆ. ಮುಲುಂಡಿಗೆ ಬಂದ ಹೊಸದರಲ್ಲಿ ಅದನ್ನು ಮೊದಲು ಕಂಡವಳು ನಾನೇ. ನೋಡಿದ ಕೂಡಲೇ ಕೈ ಮುಗಿದೆ. ಮೂರು ಬೆರಳು ಅಗಲಿಸಿ ಊರಿದ ಹಕ್ಕಿಯ ಹೆಜ್ಜೆ! ನಮ್ಮ ಮನೆದೇವರು ವೆಂಕಟೇಶ. ಊರು ಬಿಟ್ಟು ಇಷ್ಟು ದೂರ ಬಂದ ನಮ್ಮ ಯೋಗಕ್ಷೇಮ ನೋಡಿ ಬಾ ಎಂದು ತನ್ನ ಗರುಡನನ್ನು ಕಳಿಸಿದ್ದಾನೆ, ಅವನು ಹಳಿಯ ಕೆಳಗೆ ಇಳಿದು ಹೆಜ್ಜೆ ಊರಿ ಹೋಗಿದ್ದಾನೆ ಎಂದೇ ನನ್ನ ನಂಬಿಕೆ.

“ಕಾಗೆಯದ್ದೂ ಆಗಬಹುದಲ್ಲಾ ಅಂಬಕ್ಕ?” ಎಂದು ವಾರಿಜ ಕೇಳಿದ್ದಳು.

“ಕಾಗಿ ಕಲ್ಲಿನ ಮ್ಯಾಲೆ ಹೆಜ್ಜಿ ಮೂಡಸ್ತದೇನು?” ಎಂದು ನಾನು ಗದರಿಸಿದ್ದೆ. ಮುಂದಿನ ಶುಕ್ರವಾರ ಅವಳೇ ದಾಸವಾಳ ತಂದಳು.

ಹೀಗೆ ಶುಕ್ರವಾರಕ್ಕೊಮ್ಮೆ ಅರಿಸಿನ, ಕುಂಕುಮ, ಹೂವು ನಡೆಯಿತು. ನವರಾತ್ರಿಯಲ್ಲಿ ಮಾತ್ರ ಹೆಚ್ಚಿನ ಸೇವೆ. ನಮ್ಮ ಕಡೆ ಗುಡಿಯ ಗೋಡೆಗೂ ಮನೆಯ ಕಟ್ಟೆಗೂ ಸುಣ್ಣದ ಪಟ್ಟಿ ಬಳಿದು ಮೇಲೆ ಹುರಮಂಜಿನ ಕೆಂಪು ಗೆರೆ ಎಳೆಯುತ್ತಾರೆ. ಧಾರವಾಡದಿಂದ ಬಂದವರ ಕೈಯಲ್ಲಿ ಒಂದು ಪೊಟ್ಟಣ ಹುರಮಂಜು ತರಿಸಿ ಮೋರಿಗೂ ಅದನ್ನೇ ಮಾಡುತ್ತಿದ್ದೆ. ಗರುಡನ ಕಲ್ಲಿನಿಂದ ಹಿಡಿದು ಪಕ್ಕದ ರೆಕ್ಕೆಗೋಡೆಯವರೆಗೆ ಅಡ್ಡಕ್ಕೆ ಒಂದು ಮೊಳ ಪಟ್ಟಿ. ರೆಕ್ಕೆಗೋಡೆ ಎಂದರೆ ಮಣ್ಣಿನ ದಿಬ್ಬ ಜರಿಯದಂತೆ ಮೋರಿಯ ಬಾಯಿಯ ಆಚೀಚೆ ಕಟ್ಟಿದ ಮೋಟು ಗೋಡೆ. ಕೆಂಪು ಗೆರೆ ಸೊಟ್ಟಗಾಗಬಾರದೆಂದು ದಾರವನ್ನು ಹುರಮಂಜಿನಲ್ಲಿ ಅದ್ದಿ, ಒಂದು ತುದಿ ನಾನು ಒಂದು ತುದಿ ವಾರಿಜ ಬಿಗಿಯಾಗಿ ಹಿಡಿದು, ನಡುವೆ ಮೀಟಿ ಬಿಡುತ್ತಿದ್ದೆವು. ಗರುಡನಿದ್ದದ್ದು ಒಂದೇ ಮೂಲೆಯಲ್ಲಿ. ಆದರೆ ಒಂದು ಕಡೆ ಬಳಿದು ಮೂರು ಕಡೆ ಬಿಟ್ಟರೆ ನನ್ನ ಕಣ್ಣಿಗೆ ಸಮಾಧಾನವಿಲ್ಲ. ಒಂದೇ ಕಿವಿಗೆ ಓಲೆ ಹಾಕಿದ ಹಾಗೆ. ಹಾಗಾಗಿ ಎರಡೂ ಬಾಯಿ, ನಾಲ್ಕೂ ಮೂಲೆಗೆ ಪಟ್ಟಿ.

“ನಿಂದೇನದ, ರೈಲ್ವೆಯವರ ಗೋಡಿಗೆ ನೀ ಪಟ್ಟಿ ಬಳದು ಅವರಿಂದ ಪಗಾರ ಕೇಳಬೇಕಂತ ಮಾಡೀಯೇನು?” ಎಂದು ಮನೆಯವರು ಕಿಚಾಯಿಸುತ್ತಿದ್ದರು. ಅವರು ಬೈಕುಲ್ಲಾದಲ್ಲಿ ಧಾನ್ಯದ ಸಗಟು ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರು. ದಿನಾ ಬೆಳಿಗ್ಗೆ ಸ್ಟೇಷನ್ನಿಗೆ ನಡೆದು ಹೋಗಿ ಲೋಕಲ್ ಹಿಡಿಯುತ್ತಾರೆ. ಆ ಲೋಕಲ್ ಇದೇ ಮೋರಿಯ ಮೇಲೆ ಹಾಯ್ದು ಹೋಗುತ್ತದೆ. ನಾನು ಗರುಡನಿಗೆ ಏನು ಬೇಡಿಕೊಳ್ಳುತ್ತಿದ್ದೆನೆಂದು ಅವರಿಗೆ ಎಂದೂ ಹೇಳಲಿಲ್ಲ.

ಆ ವರ್ಷದ ನವರಾತ್ರಿಯಲ್ಲಿ ಎಳೆದ ಗೆರೆ ದಾರದಷ್ಟೇ ನೇರ ಬಂದಿತ್ತು. ದೀಪಾವಳಿಯ ಶುಕ್ರವಾರ ಹೂ ಇಡಲು ಹೋದಾಗ ಗೆರೆ ಎಲ್ಲಿಯೋ ತಪ್ಪಿದ ಹಾಗೆ ಕಂಡಿತು. ತುಂಡು ಸೇರಿಸಿ ಹೊಲಿದ ಸೀರೆಯಲ್ಲಿ ಅಂಚು ಕೂಡದಿದ್ದರೆ ಹೇಗಿರುತ್ತದೆ, ಹಾಗೆ. ಗರುಡನ ಕಲ್ಲಿನ ಮೇಲಿದ್ದ ಗೆರೆ ಇದ್ದಲ್ಲೇ ಇದೆ, ರೆಕ್ಕೆಗೋಡೆಯ ಮೇಲಿನ ಗೆರೆ ಒಂದು ಸಾಸಿವೆಕಾಳಿನಷ್ಟು ಕೆಳಗಿದೆ. ಕಣ್ಣಿಗೆ ವಯಸ್ಸಾಯಿತು ಎಂದುಕೊಂಡೆ. ತುಳಸಿ ಲಗ್ನದ ಹೊತ್ತಿಗೆ ಸಾಸಿವೆ ಹೋಗಿ ಜೋಳದ ಕಾಳಾಗಿತ್ತು. ಚಂಪಾಷಷ್ಠಿಗೆ ಕಡಲೆಬೇಳೆ ನಿಲ್ಲಿಸಬಹುದಿತ್ತು. ನಿಜವಾಗಿಯೂ ಮನೆಯಿಂದ ಒಂದು ಕಡಲೆಬೇಳೆ ಒಯ್ದು ಇಟ್ಟು ನೋಡಿದೆ. ನನ್ನ ಅಳತೆಗಳು ಅಷ್ಟೇ.

ಮನೆಯವರಿಗೆ ಹೇಳಿದೆ.

“ನೂರು ವರ್ಷದ ಕಲ್ಲು ನಿನ್ನ ಕಡ್ಲಿಬ್ಯಾಳಿಗೆ ಬೀಳ್ತದೇನು? ಸುಮ್ಮನಿರು. ಹೇಳಿದಿಯೋ, ನಾಳೆ ಮೋರಿ ಮುಚ್ಚತಾರ. ನೀವೆಲ್ಲಾರೂ ಸೇತುವಿ ಹತ್ತಬೇಕಾಗ್ತದ, ನೋಡು.”

ಅವರು ತಮಾಷೆಗೆ ಅಂದದ್ದು ನನ್ನನ್ನು ಹಿಡಿದುಕೊಂಡಿತು. ಹೇಳಿದರೆ ಮುಚ್ಚುತ್ತಾರೆ. ಮುಚ್ಚಿದರೆ ದೊಡ್ಡವರೇನೋ ಗೊಣಗುತ್ತ ಸೇತುವೆ ಹತ್ತಿಯೇವು, ಮಕ್ಕಳು ಹತ್ತುವವೇ? ಎದುರಿಗೇ ಶಾಲೆ ಕಾಣುತ್ತಿರುವಾಗ ಹಳಿಯ ಮೇಲೇ ಓಡುತ್ತವೆ. ನನ್ನ ಪದ್ಮಾಳಿಗೆ ಆಗ ಏಳು ವರ್ಷ. ಹೇಳದಿದ್ದರೆ? ಅದನ್ನು ಎಣಿಸಿಕೊಳ್ಳುವ ಧೈರ್ಯವೇ ಆಗಲಿಲ್ಲ. ಐದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಎಂಟು ಹತ್ತರ ಗಾಡಿ ಮೋರಿ ದಾಟುವವರೆಗೂ ಕೈಯಲ್ಲಿ ಆರತಿ ಹಿಡಿದು ನಿಂತೇ ಇರುತ್ತಿದ್ದೆ. ಐದನೆಯ ದಿನ ಆರತಿಯ ಎಣ್ಣೆ ಚೆಲ್ಲಿ ಕೈ ಸುಟ್ಟಿತು. ದೇವರ ಹತ್ತಿರ ಕೇಳುವುದನ್ನು ಕೇಳಿ, ತಾನು ಮಾಡುವುದನ್ನು ಮಾಡದೆ ನಿಂತವಳಿಗೆ ಅವನು ಇಷ್ಟರಲ್ಲೇ ಶಿಕ್ಷೆ ಮುಗಿಸಿದನಲ್ಲ ಎಂದು, ಸುಟ್ಟ ಕೈಗೆ ಸುಣ್ಣದ ತಿಳಿ ಹಚ್ಚಿಕೊಂಡು ತಾತ್ಯಾನನ್ನು ಹುಡುಕಿಕೊಂಡು ಹೋದೆ.

ತಾತ್ಯಾ ಮೊದಲು ನಕ್ಕ. ಮೋರಿಯ ಬಾಯಿಗೆ ಬಂದು ಬಗ್ಗಿ, ಗೆರೆ ತಪ್ಪಿದ ಸಂದಿಗೆ ಹೆಬ್ಬೆರಳಿನ ಉಗುರು ತೂರಿಸಿದ. ನಗು ನಿಂತಿತು. ಸುತ್ತಿಗೆಯ ಹಿಡಿಯಿಂದ ರೆಕ್ಕೆಗೋಡೆಗೆ ಮೆಲ್ಲಗೆ ಬಡಿದ. ಹಲಸಿನ ಹಣ್ಣು ಬಡಿದು ನೋಡಿದ ಹಾಗೆ ಬೊಳ್ ಬೊಳ್ ಎಂದಿತು. ತಂಬಾಕು ಉಗಿದು, “ಒಳಗೆ ಟೊಳ್ಳು. ಮಣ್ಣು ಹೋಗಿದೆ ಬಾಯಿ,” ಅಂದ. ಎರಡು ದಿನದ ಮೇಲೆ ಮೋರಿ ಮುಚ್ಚಿದರು, ಗಾಡಿಗಳು ಮೆಲ್ಲಗೆ ನಡೆದವು, ವಾರಿಜ ಬಾಗಿಲು ಹಾಕಿಕೊಂಡಳು.

ನಾನು ಹೆದರಿದ್ದು ಅದೇ ಮಧ್ಯಾಹ್ನ ಆಯಿತು. ಒಗೆದ ಬಟ್ಟೆ ಹರವಲು ಮಾಳಿಗೆಗೆ ಹೋಗಿದ್ದೆ. ಶಾಲೆ ಬಿಟ್ಟ ಹೊತ್ತು. ದಿಬ್ಬದ ಮೇಲೆ, ಹಳಿಗಳ ನಡುವೆ, ಒಂದು ಕೆಂಪು ರಿಬ್ಬನ್ನು ಕುಣಿಯುತ್ತಿತ್ತು. ಅದನ್ನು ಬೆಳಿಗ್ಗೆ ಕಟ್ಟಿದವಳು ನಾನು. ಪದ್ಮಾಳ ಹಿಂದೆ ವಾರಿಜಳ ಇಬ್ಬರು ಹೆಣ್ಣುಮಕ್ಕಳು. ಗಾಡಿ ಆಮೆಯ ಹಾಗೆ ಬರುತ್ತಿದ್ದುದರಿಂದ ಅವಕ್ಕೆ ಅದೊಂದು ಆಟ. ಎಷ್ಟು ಹತ್ತಿರ ಬರುವವರೆಗೆ ಯಾರು ನಿಲ್ಲುತ್ತಾರೆ ಎಂದು ಪಂಥ! ನಾನು ಕೂಗಿದ್ದು ಅವಕ್ಕೆ ಕೇಳಿಸಲಿಲ್ಲ. ಡ್ರೈವರ್ ಕೂಗಿಸಿದ ಸೀಟಿ ಕೇಳಿಸಿತು, ಪುಣ್ಯ. ದಡಬಡ ಇಳಿದು ಓಡಿ ಬಂದವು. ಪದ್ಮಾಳಿಗೆ ಹೊಡೆಯಬೇಕೆಂದು ಎತ್ತಿದ ಕೈ ಅವಳನ್ನು ಅವಚಿಕೊಂಡು ಹಾಗೇ ಉಳಿಯಿತು.

ಆ ಸಂಜೆ ದೀಪದ ಮುಂದೆ ಒಂದೇ ಉಪಕಾರ ಹೇಳಿದೆ. ಉಳಿದೆರಡು ಬೇಕಾಗಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಚಾಳಿನ ಹನ್ನೊಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸ್ಟೇಷನ್ನಿನ ಸೇತುವೆಯ ಮೇಲಿಂದ ಶಾಲೆಗೆ ಬಿಡುವುದು, ಮಧ್ಯಾಹ್ನ ಕರೆತರುವುದು ನನ್ನ ಕೆಲಸವಾಯಿತು. ನಾನೇ ಹಚ್ಚಿಕೊಂಡದ್ದು. ಮುಚ್ಚಿಸಿದವಳು ನಾನಲ್ಲವೇ? ಮಕ್ಕಳೇನು ಸುಲಭಕ್ಕೆ ಬಂದವೆಂದುಕೊಳ್ಳಬೇಡಿ. ಹಳಿಯ ಮೇಲಾದರೆ ಎರಡು ನಿಮಿಷ, ಸೇತುವೆಯಾದರೆ ಅರ್ಧ ಗಂಟೆ. ಆಗ ನೆನಪಾದದ್ದು ಗಂಟು ಕಟ್ಟಿದ ಆ ಕುಸುರೆಳ್ಳು. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಸೇತುವೆಯ ಆಚೆಯ ಕೊನೆಯ ಮೆಟ್ಟಿಲಿನಲ್ಲಿ ಒಬ್ಬೊಬ್ಬರಿಗೆ ಒಂದು ಚೂರು. ನಾಲ್ಕೇ ದಿನದಲ್ಲಿ ಹನ್ನೊಂದೂ ಮಕ್ಕಳು ನನಗಿಂತ ಮೊದಲೇ ಚಾಳಿನ ಗೇಟಿನಲ್ಲಿ ನಿಂತಿರುತ್ತಿದ್ದವು. ಸರಿಯಾಗಿ ಮುಳ್ಳು ಬಂದಿದ್ದರೆ ಡಬ್ಬಿಯಲ್ಲಿ ಎತ್ತಿಟ್ಟಿರುತ್ತಿದ್ದೆ. ಕೆಟ್ಟದ್ದೇ ಒಳ್ಳೆಯದಾಯಿತು.

ವಾರಿಜಳ ಮಕ್ಕಳು ನನ್ನ ಎರಡೂ ಕೈ ಹಿಡಿದು ಬರುತ್ತಿದ್ದವು. ವಾರಿಜ ಮಾತ್ರ ನಲ್ಲಿಯ ಹತ್ತಿರ ಕೊಡದ ಜೊತೆ ಮಾತಾಡುತ್ತಿದ್ದಳು. “ಕೆಲವರಿಗೆ ಪುಣ್ಯ ಜಾಸ್ತಿಯಾಗಿ ಊರವರ ಕಾಲು ನೋಯುದು,” ಎಂದು ಕೊಡಕ್ಕೆ ಹೇಳುವಳು. ನಾನೂ ನನ್ನ ಕೊಡಕ್ಕೆ, “ಕೊಡಾ ಸಣ್ಣದಿದ್ದರ ಸಪ್ಪಳ ಭಾಳ,” ಎಂದು ಹೇಳಿ ನೀರು ತರುತ್ತಿದ್ದೆ.

ಸಂಕ್ರಾಂತಿಗೆ ಎಂಟು ದಿನ ಇದ್ದಾಗ ತಾತ್ಯಾ ದಾರಿಯಲ್ಲಿ ಸಿಕ್ಕ. ಮುಖ ಸಪ್ಪಗಿತ್ತು. ಆಫೀಸಿನಲ್ಲಿ ಮೋರಿಯನ್ನು ಪೂರ್ತಿ ತುಂಬಿಬಿಡುವ ಮಾತು ನಡೆದಿದೆಯಂತೆ. ನಾಲೆಯ ನೀರಿಗೆ ಒಂದು ಸಿಮೆಂಟಿನ ಪೈಪು, ಉಳಿದದ್ದಕ್ಕೆಲ್ಲ ಮಣ್ಣು ಕಲ್ಲು. “ಮುದುಕನ ಒಂದು ಹಲ್ಲು ಅಲ್ಲಾಡಿದರೆ ಬಾಯಿಯನ್ನೇ ಹೊಲಿಯುತ್ತಾರೆ ಬಾಯಿ. ನಾಳೆ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ, ನೋಡಿ ಬರೆದುಕೊಂಡು ಹೋದರೆ ಮುಗಿಯಿತು.” ಅವನ ಅಜ್ಜಿ ಕುಟ್ಟಿದ ಗಾರೆಯಲ್ಲವೇ? ಈ ವರ್ಷ ನಾನು ಸಾಲು ಕಟ್ಟಿಕೊಂಡು ಹೋದೇನು. ಇನ್ನು ಹತ್ತು ವರ್ಷ? ನನಗೆ ಜ್ವರ ಬಂದ ದಿನ?

ಮರುದಿನ ಹೆಂಗಸರೆಲ್ಲ ಮೋರಿಯ ಮುಂದೆ ಸೇರಿದೆವು. ಇನ್ಸ್‌ಪೆಕ್ಟರ್ ಎಳೆಯ ವಯಸ್ಸಿನವರು, ಖಾಕಿ ಟೋಪಿ, ಕೈಯಲ್ಲಿ ಮಡಿಸುವ ಅಳತೆಕೋಲು. ಅಡ್ಡ ಮರ ತೆಗೆಸಿ ಒಳಗೆ ಹೋಗಿ ನಾಲ್ಕೂ ಮೂಲೆ ನೋಡಿ ಹೊರಗೆ ಬಂದವರೇ ಕೆಂಪು ಗೆರೆಯ ಮೇಲೆ ಬೆರಳಿಟ್ಟು, “ಇದನ್ನು ಯಾರು ಬಳಿದದ್ದು?” ಎಂದು ಮರಾಠಿಯಲ್ಲಿ ಕೇಳಿದರು. ದನಿ ಗಟ್ಟಿಯಾಗಿತ್ತು. ರೈಲ್ವೆಯ ಗೋಡೆ ಕೆಡಿಸಿದರೆ ಪೊಲೀಸಿಗೆ ಕೊಡುತ್ತಾರೆ ಎಂದು ಯಾರೋ ಹಿಂದೆ ಪಿಸುಗುಟ್ಟಿದರು. ನನ್ನ ಸುತ್ತ ಇದ್ದ ಗುಂಪು ಒಂದು ಹೆಜ್ಜೆ ಹಿಂದೆ ಸರಿದು, ನಾನೊಬ್ಬಳೇ ಮುಂದೆ ಉಳಿದ ಹಾಗಾಯಿತು.

ಮರಾಠಿ ನನಗೆ ಚೆನ್ನಾಗಿ ಬರುತ್ತದೆ. ಆದರೆ ನಾನದನ್ನು ಕಲಿತದ್ದು ಚಿಕ್ಕವಳಿದ್ದಾಗ ಧಾರವಾಡಕ್ಕೆ ಬರುತ್ತಿದ್ದ ನಾಟಕ ಕಂಪನಿಗಳಿಂದ. ನನ್ನ ಮರಾಠಿಯಲ್ಲಿ ರಾಜ, ಮಂತ್ರಿ, ಸೇನಾಪತಿ ಬಿಟ್ಟರೆ ಬೇರೆಯವರು ಮಾತಾಡುವುದಿಲ್ಲ. ಎರಡೂ ಕೈ ಜೋಡಿಸಿ, “ಮಹಾರಾಜ, ಈ ಅಪರಾಧ ದಾಸಿಯದು,” ಅಂದುಬಿಟ್ಟೆ.

ತಾತ್ಯಾ ಕೆಮ್ಮಿದ. ಇನ್ಸ್‌ಪೆಕ್ಟರ್ ಕಣ್ಣು ಪಿಳಿಪಿಳಿ ಬಿಟ್ಟರು. ಆಗ ಹಿಂದಿನಿಂದ ಒಂದು ದನಿ ಬಂತು.

“ಅವರೊಬ್ಬರೇ ಅಲ್ಲ. ದಾರದ ಇನ್ನೊಂದು ತುದಿ ಹಿಡಿದದ್ದು ನಾನು.” ವಾರಿಜ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನನ್ನ ಪಕ್ಕ ನಿಂತಳು. ಹೇಳಿದ್ದು ಕನ್ನಡದಲ್ಲಿ. ಅವರಿಗೆ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಹೇಳಿ ಅವರಿಗೆ ಮಾರಾಯ್ರೆ! ಹಿಡಿಯುದಾದ್ರೆ ಇಬ್ಬರನ್ನೂ ಹಿಡಿಯಲಿ. ಇಪ್ಪತ್ತು ದಿನದಿಂದ ಆ ಕೊಡದ ಹತ್ತಿರ ಮಾತಾಡಿ ನನಗೂ ಸಾಕಾಗಿದೆ,” ಅಂದಳು.

ಅವರು ಹಿಡಿಯಲು ಬಂದಿರಲಿಲ್ಲ. ಕೇಳಲು ಬಂದಿದ್ದರು. ಈ ಗೆರೆ ಎಳೆದದ್ದು ಯಾವಾಗ? ಎಳೆದಾಗ ನೇರವಿತ್ತೇ? ನಾಲ್ಕು ಕಡೆಯೂ ಒಂದೇ ದಿನವೇ? ಮೊದಲು ತಪ್ಪಿದ್ದು ಯಾವ ದಿನ? ನನಗೆ ತಾರೀಖು ನೆನಪಿರುವುದಿಲ್ಲ, ತಿಥಿ ಮರೆಯುವುದಿಲ್ಲ. ನವರಾತ್ರಿಯಲ್ಲಿ ಸರಿ ಇತ್ತು, ದೀಪಾವಳಿಗೆ ಸಾಸಿವೆ, ತುಳಸಿ ಲಗ್ನಕ್ಕೆ ಜೋಳ, ಚಂಪಾಷಷ್ಠಿಗೆ ಕಡಲೆಬೇಳೆ ಎಂದು ಹೇಳುತ್ತ ಹೋದೆ. ತಾತ್ಯಾ ಬೆರಳು ಮಡಿಸಿ ತಾರೀಖು ಕೂಡಿಸಿ ಹೇಳಿದ, ಅವರು ಬರೆದುಕೊಂಡರು. ಕಡಲೆಬೇಳೆ ಎಷ್ಟು ದಪ್ಪ ಎಂದು ಕೇಳಿದಾಗ ವಾರಿಜ ಓಡಿಹೋಗಿ ಹಿಡಿ ಬೇಳೆಯನ್ನೇ ತಂದಳು. ಒಂದು ಬೇಳೆಗೆ ಅಳತೆಕೋಲು ಹಿಡಿದು ನೋಡಿದರು, ಆಮೇಲೆ ಸಂದಿಗೆ ಹಿಡಿದರು. ಈಗ ಒಂದೂವರೆ ಬೇಳೆ ಆಗಿತ್ತು.

ಆಮೇಲೆ ಮತ್ತೆ ಒಳಗೆ ಹೋದರು. ಉಳಿದ ಮೂರು ಮೂಲೆಯ ಗೆರೆಗಳನ್ನು ಒಂದೊಂದಾಗಿ ನೋಡಿದರು. ಮೂರೂ ದಾರ ಮೀಟಿದ ದಿನ ಹೇಗಿದ್ದವೋ ಹಾಗೇ ಇದ್ದವು. ಹೊರಗೆ ಬಂದಾಗ ಟೋಪಿ ಕೈಯಲ್ಲಿತ್ತು.

“ಬಾಯಿ, ಹಳೆಯ ಮೋರಿ, ಇಡೀ ಮೋರಿಯೇ ಕುಸಿಯುತ್ತಿದೆ ಎಂದು ಆಫೀಸಿನಲ್ಲಿ ಎಣಿಸಿದ್ದರು. ಎಷ್ಟು ವರ್ಷದಿಂದ ಕುಸಿಯುತ್ತಿದೆಯೋ ಹೇಳಲು ಯಾರ ಹತ್ತಿರವೂ ಗುರುತಿರಲಿಲ್ಲ. ನಿಮ್ಮ ಗೆರೆ ಹೇಳುತ್ತದೆ. ಕುಸಿದದ್ದು ಈ ಒಂದು ರೆಕ್ಕೆಗೋಡೆ, ಅದೂ ಈ ಮಳೆಗಾಲ ಕಳೆದ ಮೇಲೆ. ಕಮಾನು ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಇದನ್ನು ತುಂಬಬೇಕಾಗಿಲ್ಲ. ಒಂದು ಗೋಡೆ ಬಿಚ್ಚಿ ಕಟ್ಟಿದರೆ ಸಾಕು. ಹಾಗೆಂದೇ ಬರೆಯುತ್ತೇನೆ.”

ಹೊರಡುವಾಗ ಗರುಡನ ಕಲ್ಲಿನ ಕುಂಕುಮ ನೋಡಿ ಇದೇನೆಂದು ಕೇಳಿದರು. ಹೇಳಿದೆ. ನಗಲಿಲ್ಲ, ದೊಡ್ಡ ಮನೆತನದವರಿರಬೇಕು. ಮೆಲ್ಲಗೆ, “ಇದು ಅಳತೆಯ ಗುರುತು ಬಾಯಿ. ಆ ಅಡ್ಡ ಗೆರೆಯ ಎತ್ತರ ಇಷ್ಟು ಎಂದು ಆಗಿನವರು ಬರೆದಿಟ್ಟುಕೊಳ್ಳುತ್ತಿದ್ದರು. ಮುಂದೆಂದಾದರೂ ಬಂದು ನೋಡಿದಾಗ ಕಲ್ಲು ಇದ್ದಲ್ಲೇ ಇದೆಯೋ, ಇಳಿದಿದೆಯೋ ತಿಳಿಯಲಿ ಎಂದು. ನಮ್ಮವರು ಇದನ್ನು ಕಾಗೆಯ ಕಾಲು ಅನ್ನುತ್ತಾರೆ,” ಅಂದರು.

ಕಾಗೆಗೆ ಮರಾಠಿಯಲ್ಲಿ ಏನನ್ನುತ್ತಾರೆಂದು ವಾರಿಜಳಿಗೂ ಚೆನ್ನಾಗಿ ಗೊತ್ತಿತ್ತು. ಅವಳು ನನ್ನ ಕಡೆ ನೋಡಿದ ನೋಟ ನಾನು ಸಾಯುವವರೆಗೂ ಮರೆಯುವಂಥದ್ದಲ್ಲ.

ರಥಸಪ್ತಮಿ ಕಳೆದ ಮೇಲೆ ಮೋರಿ ತೆರೆಯಿತು. ಕಲ್ಲುಗಳಿಗೆ ಸುಣ್ಣದಿಂದ ನಂಬರು ಬರೆದು ಒಂದೊಂದಾಗಿ ಬಿಚ್ಚಿ, ಹಿಂದಿನ ಟೊಳ್ಳು ತುಂಬಿ, ಅದೇ ಕಲ್ಲುಗಳನ್ನು ಅದೇ ಜಾಗದಲ್ಲಿ ಕೂಡಿಸಿದರು. ಸಂದಿಯಲ್ಲಿ ಸಿಮೆಂಟು. ಈ ಸಲ ಬೆಲ್ಲವಿಲ್ಲ. ತಾತ್ಯಾ ಮಾತ್ರ ಯಾರೂ ನೋಡದಾಗ ಒಂದು ಚೂರು ಬೆಲ್ಲ ಒಳಗೆ ಹಾಕಿದ ಎಂದು ನನ್ನ ಅನುಮಾನ, ಏಕೆಂದರೆ ಹಿಂದಿನ ದಿನ ನನ್ನ ಹತ್ತಿರ ಕೇಳಿಕೊಂಡು ಹೋಗಿದ್ದ. ಗಾಡಿಗಳು ಮತ್ತೆ ಧಡಧಡ ಓಡಿದವು. ಮೊದಲ ದಿನ ಎಂಟು ಹತ್ತರ ಗಾಡಿ ಮೋರಿ ದಾಟಿದಾಗ ನಾನು ಒಗ್ಗರಣೆ ಹಾಕುತ್ತಿದ್ದೆ. ಕೈ ನಿಲ್ಲಲಿಲ್ಲ.

ಇನ್ಸ್‌ಪೆಕ್ಟರ್ ಒಂದು ಮಾತು ಹೇಳಿ ಕಳಿಸಿದ್ದರು. ಗೆರೆಗಳನ್ನು ನಾಲ್ಕೂ ಕಡೆ ಮತ್ತೆ ಎಳೆಯಬೇಕು, ದಾರ ಹಿಡಿದೇ ಎಳೆಯಬೇಕು, ತಪ್ಪಿದರೆ ಸಾಸಿವೆಯಷ್ಟಿದ್ದಾಗಲೇ ತಾತ್ಯಾನಿಗೆ ಹೇಳಬೇಕು. “ಆತಲ್ಲಾ, ನೌಕರಿ ಸಿಕ್ಕತು!” ಎಂದು ಮನೆಯವರು ಕೈ ಮುಗಿದರು. ಮುಗಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಅವರು ತಮಾಷೆ ಮಾಡುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನೂ ವಾರಿಜಳೂ ಹೋದೆವು. ನನ್ನ ಸೊಂಟದ ಮೇಲೆ ಜೋಳದ ಡಬ್ಬ, ಅವಳದರ ಮೇಲೆ ಅಕ್ಕಿಯದು. ಡಬ್ಬ ಇಳಿಸಿ, ಪಟ್ಟಿ ಬಳಿದು, ದಾರ ಅದ್ದಿ, ತುದಿ ಹಿಡಿದು ಮೀಟಿದೆವು. ಹಳೆಯ ಕಲ್ಲಿನಿಂದ ಹೊಸ ಸಂದಿ ಹಾಯ್ದು ಗೋಡೆಯವರೆಗೆ ಒಂದೇ ಗೆರೆ. ನಾನು ಅರಿಸಿನ ಕುಂಕುಮದ ಬಟ್ಟಲು ತೆಗೆದೆ. ವಾರಿಜ ಕೈಯಲ್ಲಿ ದಾಸವಾಳ ಹಿಡಿದು ನಿಂತಿದ್ದಳು.

“ಅಂಬಕ್ಕ, ಕಾಗೆಯದ್ದಂತಲ್ಲಾ?”

“ಹೂಂ, ಅಂದ್ರು.”

“ಮತ್ತೆ ಹೂ ಇಡುದಾ ಬೇಡವಾ?”

ನಾನು ಕಲ್ಲು ನೋಡಿದೆ. ಪಕ್ಕದ ಗೋಡೆ ಕುಸಿದಾಗಲೂ ಅದು ಇದ್ದಲ್ಲೇ ಇತ್ತು. ಅದು ಇದ್ದಲ್ಲೇ ಇದ್ದದ್ದರಿಂದಲ್ಲವೇ ಪಕ್ಕದ್ದು ಇಳಿದದ್ದು ನನ್ನ ಕಣ್ಣಿಗೆ ಬಿದ್ದದ್ದು?

“ನೂರು ವರ್ಷ ನಮ್ಮನ್ನ ಕಾಯ್ದ ಕಾಗಿಗೆ ಒಂದು ಹೂವು ಹೆಚ್ಚಾತೇನು? ಇಡು,” ಅಂದೆ.

ಇಟ್ಟಳು. ಮೇಲೆ ಗಾಡಿ ಬಂತು. ಒಂಬತ್ತು ಡಬ್ಬಿ ಹೋಗುವವರೆಗೆ ಇಬ್ಬರೂ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಆಮೇಲೆ ಡಬ್ಬ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಗಿರಣಿಯಲ್ಲಿ ಸಾಲು ಬೆಳೆಯುವ ಮೊದಲೇ ಜೋಳ ಬೀಸಿಸಿಕೊಂಡು ಬರಬೇಕಾಗಿತ್ತಾದ್ದರಿಂದ, ಬೇಗ ಬೇಗ ಮೋರಿಯೊಳಗೆ ನಡೆದೆವು.